ನಿಮ್ಮ ಗಾಂಜಾ ಲೇಖನ ಯಾಕೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ಗಾಂಜಾವನ್ನು ಕಾನೂನುಬದ್ಧ ಮಾಡಬೇಕು ಅನ್ನುವ ನಿಮ್ಮ ‘ಗಾಂಜಾ ಮುಕ್ತವಾಗಲಿ, ರಸ್ತೆ ಸುರಕ್ಷಿತವಾಗಲಿ’ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉದ್ದಕ್ಕೂ ಹೊಗಳಿ ಕೊನೆಯ ಸಾಲಿನಲ್ಲಿ ವಿಷಾದ ತಿಳಿಸುವ ಪತ್ರಗಳು ನನಗೂ ಒಂದು ಕಾಲದಲ್ಲಿ ಬೇಕಾದಷ್ಟು ಬಂದಿದ್ದವು, ಅವುಗಳಿಂದ ನಾನು ಏನೂ ಕಲಿಯಲಿಲ್ಲ.

ಆದರೆ ಇದನ್ನು ಬಿಟ್ಟುಬಿಡಬೇಡಿ. ಆರನೇ ಪುಟದಲ್ಲಿ ನೀವು ಮೂರು ಸಾಲು ಬರೆದಿದ್ದೀರಿ. ಚಿಕ್ಕಪ್ಪ ಬೇಲೂರು ಕಡೆಯಿಂದ ಮಂಗಳೂರಿಗೆ ಪಿಕಪ್‌ನಲ್ಲಿ ತರಕಾರಿ ಲೋಡ್ ಹೊಡೆಯುತ್ತಾರೆ. ಕೊಟ್ಟಿಗೆಹಾರದಲ್ಲಿ ಟೀ ಕುಡಿದು, ಒಂದು ಗಾಂಜಾ ಸೊಪ್ಪಿನ ಬೀಡಿ ಸೇದಿ, ಆಮೇಲೆ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಚಿಕ್ಕಮ್ಮನಿಗೆ ಇದು ಗೊತ್ತು, ‘ಕೆಳಗೆ ಇಳಿದೆ’ ಅಂತ ಫೋನ್ ಬರುವವರೆಗೆ ಅವರು ಮಲಗುವುದಿಲ್ಲ. ಅಷ್ಟೇ. ಮುಂದಿನ ಪ್ಯಾರಾದಲ್ಲೇ ನೀವು ಉರುಗ್ವೆಗೆ ಹೋಗಿಬಿಟ್ಟಿರಿ.

ಅಲ್ಲಿ ನಿಲ್ಲಬೇಕಿತ್ತು. ‘ಸಾರ್ವಜನಿಕ ಸುರಕ್ಷತೆ’ ಅನ್ನುವ ಮಾತು ಲೇಖನದಲ್ಲಿ ಹದಿನಾಲ್ಕು ಕಡೆ ಬರುತ್ತದೆ, ನಾನು ಎಣಿಸಿದೆ. ಹದಿಮೂರು ಕಡೆ ಅದರೊಳಗೆ ಮನುಷ್ಯರೇ ಇಲ್ಲ. ಯಾರ ಸುರಕ್ಷತೆ? ಸೇದುವವರದ್ದಾ, ಎದುರಿಗೆ ಬೈಕಿನಲ್ಲಿ ಬರುವವರದ್ದಾ, ಮನೆಯಲ್ಲಿ ಕಾಯುವವರದ್ದಾ? ಈ ಮೂವರಿಗೂ ಬೇಕಾಗಿರುವುದು ಒಂದೇ ಅಲ್ಲ. ಆ ವ್ಯತ್ಯಾಸ ನಿಮಗೆ ಗೊತ್ತಿದೆ, ಚಿಕ್ಕಮ್ಮನ ಸಾಲು ಬರೆದಿದ್ದು ನೀವೇ ಅಲ್ವಾ.

ಮೊದಲ ಒಂದೂವರೆ ಪುಟ ತೆಗೆಯಿರಿ. ಶಿವ, ಚಿಲುಮೆ, ಅನಾದಿ ಕಾಲ, ಇದೆಲ್ಲ ಈ ವಿಷಯದ ಪ್ರತಿ ಲೇಖನದಲ್ಲೂ ಬರುತ್ತದೆ. ಹಿಂದೆ ಸೇದುತ್ತಿದ್ದರು ಅನ್ನುವುದರಿಂದ ಇವತ್ತು ಘಾಟಿಯ ತಿರುವಿನಲ್ಲಿ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ.

ಈಗ ತಪ್ಪುಗಳು. ‘ಒಂದು ಎಲೆ ಸಿಕ್ಕರೂ ಹತ್ತು ವರ್ಷ ಜೈಲು’ ಅಂತ ಬರೆದಿದ್ದೀರಿ. ಹಾಗಿಲ್ಲ. 1985ರ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ, ಎಲೆಯಿಂದ ಮಾಡುವ ಭಂಗಿಯ ಬಗ್ಗೆ ಇದನ್ನೇ ಹೇಳಿತು. ಗಾಂಜಾ 1 ಕೆಜಿವರೆಗೆ ಸಿಕ್ಕರೆ ಅದು ‘ಸಣ್ಣ ಪ್ರಮಾಣ’, ಶಿಕ್ಷೆ 1 ವರ್ಷದವರೆಗೆ, ಅಥವಾ ದಂಡ, ಅಥವಾ ಎರಡೂ. 20 ಕೆಜಿ ದಾಟಿದರೆ 10ರಿಂದ 20 ವರ್ಷ. ಆದರೆ ಬೆಳೆಯುವುದಕ್ಕೆ ಈ ತೂಕದ ಲೆಕ್ಕ ಇಲ್ಲ, ಅದಕ್ಕೆ 10 ವರ್ಷದವರೆಗೆ ಶಿಕ್ಷೆ ಇದೆ. ಶುಂಠಿ ಹೊಲದ ನಡುವೆ ನಾಲ್ಕು ಗಿಡ ಹಾಕಿದವನ ಮೇಲೂ, ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡವನ ಮೇಲೂ ಕಾನೂನು ಒಂದೇ ಥರ ಬೀಳುವುದಿಲ್ಲ. ನಮ್ಮ ಕಡೆಯ ಓದುಗರಿಗೆ ಇದು ಕೆನಡಾದ ಕಥೆಗಿಂತ ಹತ್ತಿರದ್ದು. ಬರೆಯಿರಿ.

‘ಕಾನೂನುಬದ್ಧ’ ಅನ್ನುವ ಒಂದೇ ಪದದಲ್ಲಿ ನಾಲ್ಕು ದೇಶ ತುಂಬಿಸಿದ್ದೀರಿ. ಉರುಗ್ವೆಯಲ್ಲಿ ಔಷಧಿ ಅಂಗಡಿಯಲ್ಲಿ, ಹೆಸರು ನೋಂದಾಯಿಸಿದವರಿಗೆ ಮಾತ್ರ ಮಾರುತ್ತಾರೆ. ಕೆನಡಾದಲ್ಲಿ 2018ರಿಂದ ಲೈಸೆನ್ಸ್ ಇರುವ ಅಂಗಡಿಗಳಿವೆ. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು 25 ಗ್ರಾಂ ಇಟ್ಟುಕೊಳ್ಳಬಹುದು, ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಆದರೆ ಮದ್ಯದಂಗಡಿ ಥರ ಅಂಗಡಿ ಇಲ್ಲ. ಥಾಯ್ಲೆಂಡ್ ಉದಾಹರಣೆಯಂತೂ ಹಳೆಯದಾಯಿತು. 2022ರ ಜೂನ್‌ನಲ್ಲಿ ಬಿಟ್ಟರು, ಬೀದಿ ಬೀದಿಯಲ್ಲಿ ಅಂಗಡಿ ತೆರೆದವು, 2025ರಲ್ಲಿ ಮತ್ತೆ ವೈದ್ಯರ ಚೀಟಿ ಬೇಕು ಅಂತ ಬಿಗಿ ಮಾಡಿದರು. ನೀವು ಕೇಳುತ್ತಿರುವುದು ಇವುಗಳಲ್ಲಿ ಯಾವುದನ್ನು? ಸೇದುವವನನ್ನು ಜೈಲಿಗೆ ಹಾಕಬೇಡಿ ಅನ್ನುವುದು ಒಂದು ಬೇಡಿಕೆ. ಅಂಗಡಿ ತೆರೆಯಿರಿ ಅನ್ನುವುದು ಪೂರ್ತಿ ಬೇರೆ ಬೇಡಿಕೆ. ಮೊದಲನೆಯದಕ್ಕೆ ನನ್ನ ಮನಸ್ಸು ಒಪ್ಪುತ್ತದೆ. ಎರಡನೆಯದಕ್ಕೆ ನೀವು ನನ್ನನ್ನು ಒಪ್ಪಿಸಲಿಲ್ಲ.

ರಸ್ತೆಯ ಭಾಗವೇ ಲೇಖನದ ಜೀವ, ಅಲ್ಲೇ ಸಡಿಲ ಬಿಟ್ಟಿದ್ದೀರಿ. ‘ಪೊಲೀಸರು ಊದಿಸಿ ನೋಡಿದರೆ ಆಯಿತು’ ಅನ್ನುತ್ತೀರಿ. ಮದ್ಯಕ್ಕೆ ಅದು ಸರಿ, 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಗಾಂಜಾ ಸೇದಿದ್ದು ಆ ಮೆಷಿನ್‌ಗೆ ಗೊತ್ತಾಗುವುದಿಲ್ಲ. ರಕ್ತದಲ್ಲಿ ಎಷ್ಟಿದೆ ಅಂತ ತಿಳಿಯಲು ರಕ್ತ ತೆಗೆಯಬೇಕು. ರಕ್ತ ತೆಗೆದರೂ ಕಷ್ಟ ಮುಗಿಯುವುದಿಲ್ಲ, ಯಾಕೆಂದರೆ ಟಿಎಚ್‌ಸಿ ಅನ್ನುವ ಮತ್ತಿನ ಅಂಶ ಸೇದಿದ ಸ್ವಲ್ಪ ಹೊತ್ತಿಗೆ ರಕ್ತದಲ್ಲಿ ಸರ್ರನೆ ಇಳಿಯುತ್ತದೆ, ಅಮಲು ಮಾತ್ರ ಇನ್ನೂ ಇರುತ್ತದೆ, ಅದೇ ದಿನಾ ಸೇದುವವನ ರಕ್ತದಲ್ಲಿ ಅಮಲು ಇಳಿದು ದಿನಗಳಾದ ಮೇಲೂ ಒಂದಿಷ್ಟು ಸಿಗುತ್ತದೆ. ಕೆನಡಾ ಒಂದು ಮಿಲಿ ರಕ್ತಕ್ಕೆ 2 ನ್ಯಾನೋಗ್ರಾಂ ಅಂತ ಗೆರೆ ಹಾಕಿತು, ಜರ್ಮನಿ ರಕ್ತದ ಬದಲು ಅದರ ಸೀರಂನಲ್ಲಿ, ಅಂದರೆ ರಕ್ತಕಣ ತೆಗೆದ ತಿಳಿ ದ್ರವದಲ್ಲಿ, 3.5 ಅಂದಿತು. ಅಷ್ಟು ಲ್ಯಾಬ್ ಇರುವ ದೇಶಗಳಿಗೇ ಗೆರೆ ಎಲ್ಲಿ, ಹೇಗೆ ಅಳೆಯಬೇಕು ಅಂತ ಒಮ್ಮತ ಇಲ್ಲ. ನಡುರಾತ್ರಿ ಮಂಜು ಮುಸುಕಿದ ಘಾಟಿಯಲ್ಲಿ ನಿಂತ ಕಾನ್‌ಸ್ಟೇಬಲ್ ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಿ. ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ, ಅದೂ ಒಳ್ಳೆಯ ಪ್ಯಾರಾ ಆಗುತ್ತದೆ.

‘ಮದ್ಯದಿಂದ ಸಾಯುವವರೇ ಜಾಸ್ತಿ, ಹಾಗಾಗಿ ಗಾಂಜಾ ಸುರಕ್ಷಿತ’ ಅನ್ನುವ ವಾಕ್ಯ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಆಸ್ಪತ್ರೆಯ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಬಳಸುವವರು ಸುಮಾರು 3.1 ಕೋಟಿ. ಬಳಸುವವರ ಸಂಖ್ಯೆಯೇ ಇಷ್ಟು ಬೇರೆ ಇದ್ದಾಗ ಸಾವಿನ ಲೆಕ್ಕ ಪಕ್ಕಪಕ್ಕ ಇಟ್ಟು ಏನು ಹೇಳುತ್ತೀರಿ?

‘ಕಾನೂನು ಬಿಟ್ಟರೆ ಕಳ್ಳ ವ್ಯಾಪಾರ ತಾನೇ ನಿಲ್ಲುತ್ತದೆ’ ಅನ್ನುವುದನ್ನು ನಮ್ಮೂರುಗಳಲ್ಲೇ ಪರೀಕ್ಷೆ ಮಾಡಿ. ಮದ್ಯ ಕಾನೂನುಬದ್ಧವೇ. ಆದರೂ ಎಷ್ಟು ಹಳ್ಳಿಗಳ ಪೆಟ್ಟಿ ಅಂಗಡಿಯಲ್ಲಿ ಬೆಳಗ್ಗೆ ಆರಕ್ಕೇ ಪ್ಯಾಕೆಟ್ ಸಿಗುತ್ತದೆ, ಹೆಂಗಸರು ತಾಲ್ಲೂಕು ಕಚೇರಿ ಮುಂದೆ ಕೂತು ಎಷ್ಟು ಸಲ ಕೂಗಿದ್ದಾರೆ, ನೀವೇ ನೋಡಿದ್ದೀರಿ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ನಾನು ಆಲೂರು ಕಡೆಯ ಒಂದು ತೋಟದ ಕೂಲಿಯವರ ಲೈನ್‌ಮನೆಗಳ ಪಕ್ಕದಲ್ಲೇ ಇದ್ದೆ. ಒಂದೆರಡು ತಿಂಗಳು ರಾತ್ರಿ ಜಗಳ ಕಡಿಮೆಯಾಯಿತು. ಆಮೇಲೆ ಅದೇ ಜನ ಕಡಿಮೆ ಬೆಲೆಯ ವಿಸ್ಕಿಗೆ ಹೋದರು, ಕೂಲಿಯಲ್ಲಿ ಇನ್ನೂ ಜಾಸ್ತಿ ಅದಕ್ಕೇ ಹೋಯಿತು. ನಿಷೇಧ ಮಾಡಿದರೂ ನಿಲ್ಲಲಿಲ್ಲ, ಲೈಸೆನ್ಸ್ ಕೊಟ್ಟರೂ ಕಳ್ಳದಾರಿ ಮುಚ್ಚಲಿಲ್ಲ. ಎರಡನ್ನೂ ಕಣ್ಣಾರೆ ಕಂಡ ಜಿಲ್ಲೆಯವರು ನೀವು. ಬೇರೆ ದೇಶದ ಅಂಕಿ ಹಿಡಿದು ಬರೆಯುವವರಿಗೆ ಈ ಅನುಕೂಲ ಇಲ್ಲ.

ಮಕ್ಕಳ ಬಗ್ಗೆ ಒಂದು ಸಾಲೂ ಇಲ್ಲ. ಕೆನಡಾದಲ್ಲಿ 2019ರ ಕೊನೆಯಲ್ಲಿ ಗಾಂಜಾ ಬೆರೆಸಿದ ಮಿಠಾಯಿ, ಚಾಕೊಲೇಟ್ ಮಾರಲು ಬಿಟ್ಟರು. ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ, ಮಕ್ಕಳಿಗೆ ಬಿಚ್ಚಲಾಗದ ಮುಚ್ಚಳ, ಎಲ್ಲ ಇಟ್ಟರು. ಆದರೂ ತಿಳಿಯದೆ ತಿಂದು ಆಸ್ಪತ್ರೆ ಸೇರಿದ ಸಣ್ಣ ಮಕ್ಕಳ ಸಂಖ್ಯೆ ಏರಿತು. ಮೂಡಿಗೆರೆ, ಸಕಲೇಶಪುರ ಸುತ್ತ ಎಷ್ಟು ಹೋಮ್‌ಸ್ಟೇ ಇವೆ, ಅಲ್ಲಿ ರೂಮು ಗುಡಿಸುವ ತಾಯಂದಿರ ಜೊತೆ ಎಷ್ಟು ಮಕ್ಕಳು ಬರುತ್ತಾರೆ, ಯೋಚಿಸಿ.

ಗಾಂಜಾ ಕಾನೂನುಬದ್ಧ ಮಾಡಬಾರದು ಅಂತ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ನಿಲುವು ನಿಮ್ಮದೇ ಇರಲಿ, ಅದನ್ನು ನಾನು ತಿದ್ದುವುದಿಲ್ಲ. ಈ ಪ್ರಶ್ನೆಗಳ ಮೂಲಕ ಹಾದು ಬಂದ ಮೇಲೂ ಅದು ನಿಂತರೆ ಖುಷಿಯಿಂದ ಹಾಕುತ್ತೇನೆ.

ಮತ್ತೆ ಬರೆಯುವಾಗ ಕೊಟ್ಟಿಗೆಹಾರದಿಂದ ಶುರು ಮಾಡಿ. ಚಿಕ್ಕಪ್ಪನ ಪಕ್ಕದ ಸೀಟಿನಲ್ಲಿ ಕೂತು ಒಂದು ಸಲ ಹೋಗಿ ಬನ್ನಿ, ಅವರು ಸೇದದ ದಿನ. ಯಾಕೆ ಸೇದುತ್ತಾರೆ ಅಂತ ಕೇಳಿ. ನಿದ್ದೆಗಾ, ಭಯಕ್ಕಾ, ಸುಮ್ನೆ ಅಭ್ಯಾಸಕ್ಕಾ? ಆಮೇಲೆ ಚಿಕ್ಕಮ್ಮನ ಹತ್ತಿರ ಬೇರೆಯಾಗಿ ಕೂತು ಮಾತಾಡಿ, ಚಿಕ್ಕಪ್ಪ ಇಲ್ಲದಾಗ.

ಇನ್ನೊಂದು ವಿಷಯ, ಇದು ಲೇಖನಕ್ಕಿಂತ ಮುಖ್ಯ. ಸೇದುವುದಕ್ಕೂ 6 ತಿಂಗಳವರೆಗೆ ಶಿಕ್ಷೆ ಇದೆ. ನೀವು ಊರಿನ ಹೆಸರು, ಗಾಡಿ, ಲೋಡು, ಹೊರಡುವ ಹೊತ್ತು ಎಲ್ಲ ಬರೆದಿದ್ದೀರಿ. ಓದಿದವರು ಅರ್ಧ ಗಂಟೆಯಲ್ಲಿ ಅವರನ್ನು ಹುಡುಕುತ್ತಾರೆ. ಊರು ಬದಲಿಸಿ, ಗಾಡಿ ಬದಲಿಸಿ, ಸಂಬಂಧ ಕೂಡ ಬದಲಿಸಿ, ನನಗೆ ಬರೆದ ಈ ಪ್ರತಿಯನ್ನು ಬೇರೆ ಯಾರಿಗೂ ಕಳಿಸಬೇಡಿ, ನಾನೂ ಅಳಿಸಿದ್ದೇನೆ. ಬರೆದದ್ದನ್ನು ಇಬ್ಬರಿಗೂ ಓದಿ ಹೇಳಿ. ಚಿಕ್ಕಮ್ಮ ಬೇಡ ಅಂದರೆ ಕಳಿಸಬೇಡಿ, ಬೇರೆ ವಿಷಯ ಬರೆದು ಕಳಿಸಿ. ಅವರು ಒಪ್ಪಿದರೆ ತಿಂಗಳ ಕೊನೆಯೊಳಗೆ, ಆರು ಪುಟ ಮೀರದ ಹಾಗೆ, ನನಗೇ ನೇರವಾಗಿ ಕಳಿಸಿ.