ಅಡ್ವಾನ್ಸ್ ಬಂದಿದೆ, ಬೀಗ ಹಾಕಿದ ಮನೆಯನ್ನು ಇನ್ನು ಯಾರು ನೋಡಿಕೊಳ್ಳಬೇಕು?

ಪ್ರಶ್ನೆ: ಶಿವಮೊಗ್ಗದಲ್ಲಿ ಅಪ್ಪ ಕಟ್ಟಿಸಿದ ಮನೆಯನ್ನು ನಾನೂ ತಮ್ಮನೂ ಸೇರಿ ಮಾರುತ್ತಿದ್ದೇವೆ. ಮೇ ಕೊನೆಯಲ್ಲಿ ಕರಾರು ಪತ್ರ ಆಯಿತು, ಹತ್ತು ಲಕ್ಷ ಅಡ್ವಾನ್ಸ್ ಬಂತು. ಕೊಳ್ಳುವವರಿಗೆ ಬ್ಯಾಂಕ್ ಸಾಲ ಇನ್ನೂ ಆಗಬೇಕು. ಜೊತೆಗೆ ಆಷಾಢ ಬೇಡ ಎನ್ನುತ್ತಾರೆ. ಹಾಗಾಗಿ ರಿಜಿಸ್ಟ್ರೇಷನ್ ಶ್ರಾವಣಕ್ಕೆ ಹೋಗಿದೆ. ನಾವಿಬ್ಬರೂ ಇರುವುದು ಬೆಂಗಳೂರಿನಲ್ಲಿ, ಅಲ್ಲಿ ಮನೆಗೆ ಬೀಗ. "ಮಾರಿಯಾಯ್ತಲ್ಲ ಅಕ್ಕ, ಇನ್ನೂ ಯಾಕೆ ಅದಕ್ಕೆ ದುಡ್ಡು ಸುರಿಯೋದು" ಎನ್ನುತ್ತಾನೆ ತಮ್ಮ. ಕೊಳ್ಳುವವರು "ಕೀ ಕೊಡಿ, ಪೇಂಟಿಂಗ್ ಶುರು ಮಾಡ್ಕೋತೀವಿ" ಎನ್ನುತ್ತಿದ್ದಾರೆ. ಅಮ್ಮನ ಒಳಕಲ್ಲು, ತೂಗುಮಂಚ, ಹಿತ್ತಲಿನ ದಾಸವಾಳ ನನಗೆ ಬೇಕು. ತರಬಹುದಾ? ಏನು ಮಾಡಲಿ ಮೇಡಂ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ. ಮನೆ ಇನ್ನೂ ಮಾರಿ ಆಗಿಲ್ಲ. ಮಾರುತ್ತೇವೆ ಅಂತ ಮಾತು ಕೊಟ್ಟಿದ್ದೀರಿ, ಅಷ್ಟೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಕರಾರು ಪತ್ರದಿಂದ ಕೊಳ್ಳುವವರಿಗೆ ಮನೆಯ ಹಕ್ಕು ಬರುವುದಿಲ್ಲ. ಕ್ರಯಪತ್ರ ರಿಜಿಸ್ಟರ್ ಆದಾಗಲೇ ಬರುವುದು. ಅದರ ಮುಂದಿನ ಸೆಕ್ಷನ್ ಇನ್ನೂ ಸ್ಪಷ್ಟ. ಕರಾರು ಆದ ದಿನದಿಂದ ಮನೆ ಒಪ್ಪಿಸುವ ದಿನದವರೆಗೆ, ಬುದ್ಧಿ ಇರುವ ಮಾಲೀಕ ತನ್ನ ಮನೆಯನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೇ ಮಾರುವವರು ನೋಡಿಕೊಳ್ಳಬೇಕು. ಈ ಮಳೆಯಲ್ಲಿ ಹಿಂದಿನ ಗೋಡೆ ಬಿದ್ದರೆ ಆ ನಷ್ಟ ನಿಮ್ಮದೇ. ಕಂದಾಯವೂ ಕ್ರಯದ ದಿನದವರೆಗೆ ನಿಮ್ಮದೇ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಆದರೂ ಸಾಗರದ ನಮ್ಮ ಅಮ್ಮನ ಮನೆ ಮಾರುವಾಗ ನಿಮ್ಮ ತಮ್ಮನ ಹಾಗೇ ಯೋಚಿಸಿದೆ. ಜೂನ್ ಮೊದಲ ವಾರ ಬೀಗ ಹಾಕಿ ಬಂದವಳು ಮತ್ತೆ ಬಾಗಿಲು ತೆಗೆದಿದ್ದು ಆಗಸ್ಟಿನಲ್ಲಿ. ಕೊಳ್ಳುವ ದಂಪತಿಯೂ ಜೊತೆಗಿದ್ದರು. ನಡುಮನೆಗೆ ಕಾಲಿಟ್ಟ ಕೂಡಲೇ ಬೂಷ್ಟಿನ ವಾಸನೆ. ಫ್ಯಾನಿನ ಕೊಕ್ಕೆಯ ಸುತ್ತ ತಟ್ಟೆಯಗಲ ಕಂದು ಕಲೆ. ಅಂಗೈಯಗಲ ಗಾರೆ ಕಳಚಿ ನೆಲದಲ್ಲಿ ಪುಡಿಯಾಗಿ ಬಿದ್ದಿತ್ತು. ತಾರಸಿ ಹತ್ತಿ ನೋಡಿದರೆ ನೀರು ಇಳಿಯುವ ಪೈಪಿನ ಬಾಯಿಗೆ ಹಲಸಿನ ಎಲೆಗಳು ಒಂದರ ಮೇಲೊಂದು ಮೆತ್ತಿಕೊಂಡಿದ್ದವು. ಗೇಣುದ್ದ ನೀರು ನಿಂತಿತ್ತು. ಕೈ ಹಾಕಿ ಎಲೆ ಎತ್ತಿದೆ. ಎರಡು ತಿಂಗಳು ನಿಂತ ನೀರು ಗೊಳಗೊಳ ಅಂತ ಇಳಿದುಹೋಯಿತು. ಐದು ನಿಮಿಷದ ಕೆಲಸ ಅದು.

ಆ ಹೆಂಗಸು ಗಾರೆಯ ಪುಡಿಯನ್ನೇ ನೋಡುತ್ತಾ ನಿಂತಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಆಮೇಲೆ ಅರವತ್ತು ಸಾವಿರ ಕಡಿಮೆ ಮಾಡಿ ಎಂದರು, ಮಾಡಿದೆವು. ದುಡ್ಡಿಗಿಂತ ನನಗೆ ನೋವಾಗಿದ್ದು ಬೇರೆ. ಅಪ್ಪ ಕಂಬಿ ಎಣಿಸಿ ಹಾಕಿಸಿದ ಗಟ್ಟಿ ಮನೆ ಅದು. ಒಂದು ಕಲೆ ನೋಡಿ ಅವರು ಇಡೀ ಮನೆಯ ಮೇಲೇ ಅನುಮಾನಪಟ್ಟರು.

ನಮ್ಮ ಕಡೆ ಈ ತೊಂದರೆ ಜಾಸ್ತಿ, ಯಾಕೆಂದರೆ ಆಷಾಢ ಬರುವುದೇ ಮಳೆಗಾಲದಲ್ಲಿ. ರಿಜಿಸ್ಟ್ರೇಷನ್ ಮುಂದೆ ಹೋಗುವ ಆ ತಿಂಗಳೇ ಮಲೆನಾಡಿನ ಮನೆಗೆ ವರ್ಷದ ಅತಿ ಕಷ್ಟದ ತಿಂಗಳು. ಅದಕ್ಕೇ ಹೇಳುತ್ತಿದ್ದೇನೆ, ಈ ವಾರಾಂತ್ಯವೇ ಒಂದು ಸಲ ಹೋಗಿ ಬನ್ನಿ.

ಹೋದವರು ಮೊದಲು ತಾರಸಿ ಹತ್ತಿ. ಪೈಪಿನ ಬಾಯಿ ಬಿಡಿಸಿ, ಗೋಡೆಯ ಸಂದಿಯಲ್ಲಿ ಅರಳಿ ಗಿಡ ಎದ್ದಿದ್ದರೆ ಬೇರು ಸಮೇತ ತೆಗೆಸಿ. ಆಮೇಲೆ ಪ್ರತಿ ಕೋಣೆಯ ಫೋಟೊ, ವಿಡಿಯೊ ತೆಗೆದು ಕೊಳ್ಳುವವರ ವಾಟ್ಸಾಪ್‌ಗೆ ಅವತ್ತೇ ಕಳಿಸಿ. ನಾಳೆ "ಈ ಬಿರುಕು ಮೊದಲು ಇರಲಿಲ್ಲ" ಎಂಬ ಮಾತು ಬಂದರೆ ಅದೇ ಉತ್ತರ. ಬಾಗಿಲು ಚೌಕಟ್ಟಿನ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದೆಯಾ ನೋಡಿ. ಫ್ರಿಜ್ ಖಾಲಿ ಮಾಡಿ, ಬಾಗಿಲು ಸ್ವಲ್ಪ ತೆರೆದೇ ಇಡಿ. ಗ್ಯಾಸ್ ರೆಗ್ಯುಲೇಟರ್ ಕಳಚಿ. ಅಪ್ಪನ ಬೀರುವಿನಲ್ಲಿ ಮನೆಯ ಮೂಲ ಪತ್ರಗಳು ಇದ್ದರೆ ಬೆಂಗಳೂರಿಗೆ ತಂದುಬಿಡಿ. ಅವುಗಳನ್ನು ಜೋಪಾನ ಮಾಡುವುದೂ ಕಾನೂನಿನ ಪ್ರಕಾರ ನಿಮ್ಮ ಹೊಣೆ.

ಆಮೇಲೆ ವಾರಕ್ಕೊಮ್ಮೆ ಮನೆ ತೆಗೆಯುವವರು ಬೇಕು. ಪಕ್ಕದ ಮನೆಯವರಿಗೆ ಪುಕ್ಕಟೆ ಒಪ್ಪಿಸಬೇಡಿ. ಪಾಪ, ಅವರು ಎರಡು ವಾರ ನೋಡುತ್ತಾರೆ, ಮೂರನೇ ವಾರ ಮರೆಯುತ್ತಾರೆ. ಅಮ್ಮನ ಕಾಲದಲ್ಲಿ ಮನೆ ಕೆಲಸಕ್ಕೆ ಬರುತ್ತಿದ್ದವರು ಊರಲ್ಲೇ ಇದ್ದರೆ ಅವರನ್ನೇ ಕೇಳಿ, ತಿಂಗಳಿಗೆ ಇಷ್ಟು ಅಂತ ಕೊಡಿ. ಅವರಿಗೆ ಆ ಮನೆಯ ಮೂಲೆ ಮೂಲೆ ಗೊತ್ತು. ಮಳೆ ಬಿಟ್ಟ ಹೊತ್ತಿನಲ್ಲಿ ಎರಡು ಗಂಟೆ ಕಿಟಕಿ ಬಾಗಿಲು ತೆರೆದಿಡಲಿ. ಬಚ್ಚಲು, ಕಕ್ಕಸು, ಸಿಂಕು, ಎಲ್ಲದಕ್ಕೂ ಒಂದೊಂದು ಚೊಂಬು ನೀರು ಹಾಕಲಿ. ಒಳಗಿನ ಬಾಗಿದ ಪೈಪಿನಲ್ಲಿ ನಿಲ್ಲುವ ನೀರೇ ಚರಂಡಿ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು, ಅದು ಆರಬಾರದು. ಮೋಟಾರ್ ಐದು ನಿಮಿಷ ಓಡಿಸಲಿ, ಇಲ್ಲದಿದ್ದರೆ ಹಿಡಿದುಕೊಳ್ಳುತ್ತದೆ. ಸಂಪಿನ ಮುಚ್ಚಳ ಭದ್ರವಾಗಿ ಮುಚ್ಚಲಿ, ಹೊರಡುವಾಗ ಮೇನ್ ಸ್ವಿಚ್ ಆರಿಸಲಿ. ಮೆಸ್ಕಾಂ ಬಿಲ್ಲು, ನೀರಿನ ಬಿಲ್ಲು ಮೊಬೈಲಿನಲ್ಲೇ ಕಟ್ಟುತ್ತಾ ಇರಿ. ಕರೆಂಟ್ ಕಟ್ ಆದ ಮನೆಯನ್ನು ಬ್ಯಾಂಕಿನ ಮೌಲ್ಯಮಾಪಕರಿಗೆ ತೋರಿಸುವುದು ಚೆನ್ನಾಗಿರುವುದಿಲ್ಲ. ಮನೆಗೆ ವಿಮೆ ಇದ್ದರೆ, ಬೀಗ ಹಾಕಿದ ಮನೆಯ ಬಗ್ಗೆ ಪಾಲಿಸಿಯಲ್ಲಿ ಏನಿದೆ ಅಂತ ಓದಿ ಕಂಪನಿಗೆ ತಿಳಿಸಿ.

ತಮ್ಮ ಹೇಳುವುದರಲ್ಲಿ ಒಂದು ಪಾಲು ಸರಿ ಇದೆ. ಹೊಸ ಬಣ್ಣ, ಹೊಸ ನಲ್ಲಿ, ಹೊಸ ಟೈಲ್ಸ್ ನಿಮಗೆ ಬೇಡ. ಅದು ಬರುವವರ ಇಷ್ಟ. ಕರಾರಿನ ದಿನ ಮನೆ ಹೇಗಿತ್ತೋ ಹಾಗೇ ಒಪ್ಪಿಸಿದರೆ ಸಾಕು.

ಇನ್ನು ಕೀ ವಿಷಯ. ದಯವಿಟ್ಟು ಕೊಡಬೇಡಿ. ಅವರು ಒಳ್ಳೆಯವರೇ ಇರಬಹುದು. ಆದರೆ ಕೀ ಕೊಟ್ಟು ಅವರ ಕೆಲಸದವರು ಒಳಗೆ ಬಂದರೆ, ಸ್ವಾಧೀನ ಕೊಟ್ಟಿದ್ದೀರಿ ಎಂಬ ವಾದಕ್ಕೆ ಜಾಗವಾಗುತ್ತದೆ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ನಾಳೆ ಅವರಿಗೆ ಸಾಲ ಸಿಗದೇ ಹೋದರೆ? ಅರ್ಧ ಕೆರೆದ ಗೋಡೆ ನಿಮ್ಮ ಪಾಲಿಗೆ, ಬಣ್ಣದ ಖರ್ಚು ಕೊಡಿ ಎಂಬ ಜಗಳ ಬೇರೆ. ಅಳತೆ ತೆಗೆಯಲು, ಪೇಂಟರ್‌ಗೆ ತೋರಿಸಲು ಎಷ್ಟು ಸಲ ಬೇಕಾದರೂ ಬರಲಿ. ನಿಮ್ಮ ಕಡೆಯವರು ಬಾಗಿಲು ತೆಗೆದು, ಅವರೇ ಬೀಗ ಹಾಕಲಿ. "ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ನಿಮ್ಮ ಕೈಗೆ ಕೀ ಕೊಡ್ತೀವಿ" ಅಂತ ನಗುತ್ತಾ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಮ್ಮನ ವಸ್ತುಗಳ ಬಗ್ಗೆ. ತೂಗುಮಂಚ ನಿಮ್ಮದು, ಕಳಚಿಕೊಂಡು ಹೋಗಿ. ಸೂರಿನಲ್ಲಿ ಕೂರಿಸಿದ ಕೊಕ್ಕೆಗಳನ್ನು ಮಾತ್ರ ಬಿಡಿ. ಒಳಕಲ್ಲು ಸುಮ್ನೆ ಮೂಲೆಯಲ್ಲಿ ಇಟ್ಟಿದ್ದರೆ ತನ್ನಿ. ಅಡುಗೆಮನೆಯ ನೆಲದಲ್ಲಿ ಹೂತು ಗಾರೆ ಮಾಡಿದ್ದರೆ ಅದು ಮನೆಯ ಭಾಗ. ಬಾಗಿಲು, ಕಿಟಕಿ, ಬೀಗದ ಹಾಗೆ ಮನೆಯ ಕಾಯಂ ಉಪಯೋಗಕ್ಕೆ ಇರುವುದೆಲ್ಲ ಮನೆಯ ಜೊತೆಗೇ ಹೋಗುತ್ತದೆ. ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಬೇರೆ ಮಾತು. ಹೂತ ಕಲ್ಲಾದರೆ ಇವತ್ತೇ ಫೋನ್ ಮಾಡಿ, "ಅಮ್ಮನ ನೆನಪು, ಕೊಡ್ತೀರಾ? ನೆಲ ಸರಿ ಮಾಡಿಸಿ ಕೊಡ್ತೀವಿ" ಅಂತ ಕೇಳಿ. ಒಪ್ಪಿದರೆ ಎರಡು ಸಾಲು ಬರೆಸಿಕೊಳ್ಳಿ. ಕೊನೇ ದಿನ ಕೇಳಿದರೆ ಕೊಡುವ ಮನಸ್ಸಿದ್ದವರೂ ಹಿಂದೆ ಮುಂದೆ ನೋಡುತ್ತಾರೆ. ಹಿತ್ತಲಲ್ಲಿ ತೆಂಗಿನ ಮರ ಇದ್ದರೆ, ರಿಜಿಸ್ಟ್ರೇಷನ್‌ವರೆಗಿನ ಕಾಯಿ ನಿಮ್ಮದೇ, ಕೀಳಿಸಿಕೊಳ್ಳಿ.

ದಾಸವಾಳವನ್ನು ಬುಡ ಸಮೇತ ಅಗೆಯಬೇಡಿ, ಹಳೆಯ ಗಿಡ ಬದುಕುವುದು ಕಷ್ಟ, ಹಿತ್ತಲಲ್ಲೂ ಗುಂಡಿ ಬೀಳುತ್ತದೆ. ಪೆನ್ಸಿಲ್ ದಪ್ಪದ ಐದಾರು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ ಬೆಂಗಳೂರಿಗೆ ತನ್ನಿ. ಕೆಳಗಿನ ಎಲೆ ತೆಗೆದು ಕುಂಡದಲ್ಲಿ ಊರಿ, ಬಿಸಿಲು ತಾಗದ ಕಡೆ ಇಡಿ. ಮಳೆಗಾಲದಲ್ಲಿ ದಾಸವಾಳ ಬೇಗ ಬೇರು ಬಿಡುತ್ತದೆ. ಶ್ರಾವಣದಲ್ಲಿ ನೀವು ಕೀ ಒಪ್ಪಿಸಲು ಶಿವಮೊಗ್ಗಕ್ಕೆ ಹೊರಡುವ ಹೊತ್ತಿಗೆ ಚಿಗುರಿರುತ್ತದೆ.