ಹಳೇ ಗೋಡೆಗೆ ಸಿಮೆಂಟ್ ಮೆತ್ತುವ ಮುಂಚೆ

ಈ ಸಲವೂ ಅದೇ ಪ್ರಶ್ನೆ. ಕೇಳುವವರು ಬೇರೆ ಬೇರೆ, ಆದರೆ ಎಲ್ಲರಿಗೂ ಸಲಹೆ ಕೊಟ್ಟ ಮೇಸ್ತ್ರಿ ಮಾತ್ರ ಒಬ್ಬನೇ ಇರಬೇಕು ಅನ್ನಿಸುತ್ತೆ. ಆದ್ದರಿಂದ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನೂರು ವರ್ಷದ ಇಟ್ಟಿಗೆ ಮನೆ. ಹಿಂದಕ್ಕೆ ಒಂದು ರೂಮು ಸೇರಿಸಬೇಕು. ಹಳೇ ಗೋಡೆಯ ಗಾರೆ ಉಗುರಲ್ಲಿ ಕೆರೆದರೂ ಉದುರುತ್ತದೆ. ಸಂದಿಗೆಲ್ಲ ಸಿಮೆಂಟ್ ತುಂಬಿ, ಚಿಕನ್ ಮೆಶ್ (ತೆಳು ತಂತಿ ಬಲೆ) ಹೊಡೆದು ದಪ್ಪಗೆ ಪ್ಲಾಸ್ಟರ್ ಮಾಡಿ, ಹೊಸ ಗೋಡೆಯನ್ನು ಅದಕ್ಕೆ ಕಚ್ಚಿಸಿ ಕಟ್ಟಿದರೆ ಎರಡೂ ಒಂದೇ ಆಗುತ್ತವೆ ಅಂತಾರೆ ಮೇಸ್ತ್ರಿ. ಸರೀನಾ?

ಉತ್ತರ: ಬೇಡ. ಆ ಗೋಡೆ ನೂರು ವರ್ಷ ನಿಂತಿದ್ದೇ ಗಾರೆ ಮೆತ್ತಗಿದ್ದದ್ದಕ್ಕೆ. ಗೋಡೆ ಚೂರು ಮಿಸುಕಿದರೆ ಸುಣ್ಣದ ಗಾರೆ ತಡೆದುಕೊಳ್ಳುತ್ತದೆ, ಒಳಗೆ ಹೋದ ನೀರು ಅದೇ ಸಂದಿಯಿಂದ ಆರಿ ಹೊರಗೆ ಬರುತ್ತದೆ. ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚಿತು. ನೀರು ಇಟ್ಟಿಗೆಯ ಮೂಲಕವೇ ಹೊರಬೀಳಬೇಕು, ಬರುವಾಗ ಉಪ್ಪನ್ನೂ ತರುತ್ತದೆ, ಆ ಉಪ್ಪು ಇಟ್ಟಿಗೆಯ ಮುಖದ ಹಿಂದೆ ಹರಳುಗಟ್ಟಿ ಮುಖವನ್ನೇ ಒಡೆದು ಉದುರಿಸುತ್ತದೆ. ಇಂಥ ಒಂದು ಗೋಡೆಯ ಮುಂದೆ ನಾನು ನಿಂತಿದ್ದೇನೆ. ಇಟ್ಟಿಗೆಗಳು ಎರಡು ಬೆರಳಷ್ಟು ಒಳಗೆ ಸವೆದು ಹೋಗಿದ್ದವು, ಸಿಮೆಂಟ್ ಸಂದಿ ಮಾತ್ರ ಜಾಲರಿ ಥರ ಹೊರಗೆ ಚಾಚಿಕೊಂಡು ನಿಂತಿತ್ತು. ಮನೆಯವರು ಇಟ್ಟಿಗೆಯನ್ನು ಬೈಯುತ್ತಿದ್ದರು!

ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಒಡೆದ ಮಳೆನೀರಿನ ಪೈಪು, ಗೋಡೆಯ ಬುಡಕ್ಕೆ ಏರಿಸಿದ ಮಣ್ಣು, ಸಾಮಾನ್ಯವಾಗಿ ಇಷ್ಟೇ. ಅದು ನಿಂತ ಮೇಲೆ ಸಡಿಲ ಗಾರೆಯನ್ನು ಕೈ ಉಳಿಯಲ್ಲಿ ಕನಿಷ್ಠ 25 ಮಿ.ಮೀ. ಆಳಕ್ಕೆ ತೆಗೆಸಿ. ಗ್ರೈಂಡರ್ ಮುಟ್ಟಿಸಬೇಡಿ, ಅದು ಇಟ್ಟಿಗೆಯ ಅಂಚನ್ನೂ ತಿನ್ನುತ್ತದೆ. ಧೂಳು ಹೊಡೆದು, ನೀರು ಚಿಮುಕಿಸಿ, ಸುಣ್ಣದ ಗಾರೆಯನ್ನೇ ಒತ್ತಿ ತುಂಬಿಸಿ, ಒದ್ದೆ ಗೋಣಿ ಹೊದಿಸಿ. ಸುಣ್ಣ ನಿಧಾನಕ್ಕೆ ಗಟ್ಟಿಯಾಗುವುದು, ಮೇಸ್ತ್ರಿಗೆ ಅವಸರವಿದ್ದರೆ ಬೇರೆಯವರನ್ನು ನೋಡಿ. ಹೊಸ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಇದೊಂದು ನೆನಪಿದ್ದರೆ ಸಾಕು.

ಮೆಶ್ ಬಗ್ಗೆ ಕೇಳಿದಿರಲ್ಲ. ಭೂಕಂಪದ ಅಪಾಯವಿರುವ ಕಡೆ ಎಂಜಿನಿಯರ್ ಲೆಕ್ಕ ಹಾಕಿ, ಗೋಡೆಯ ಎರಡೂ ಬದಿಗೆ ಮೆಶ್ ಕೂರಿಸಿ, ಗೋಡೆಯ ಮೂಲಕ ಸರಳು ದಾಟಿಸಿ ಎರಡನ್ನೂ ಕಟ್ಟುವ ಪದ್ಧತಿ ಉಂಟು. ನಿಮ್ಮ ಮೇಸ್ತ್ರಿ ಒಂದು ಬದಿಗೆ ಮೊಳೆ ಹೊಡೆದು ಅದೇ ಕೆಲಸ ಆಯಿತು ಅಂದರೆ ನಗು ಬರುತ್ತದೆ.

ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ, ಅಗಲವನ್ನೂ ಅಳೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬೆಳೆಯದಿದ್ದರೆ ಅಡ್ಡ ಸಂದಿಯಲ್ಲಿ ಸೀಳು ತೆಗೆದು, ಬಿರುಕಿನ ಆಚೀಚೆ ಅರ್ಧ ಮೀಟರ್ ಹೋಗುವಂತೆ 6 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನ ತಿರುಚು ಸರಳು ಕೂರಿಸಿ ಹೊಲಿಗೆ ಹಾಕಬಹುದು. ಬೆಳೆಯುತ್ತಿದ್ದರೆ ಗೋಡೆಯನ್ನು ಬಿಡಿ, ಪಾಯ ನೋಡಿ.

ಇನ್ನು ಕಚ್ಚಿಸಿ ಕಟ್ಟುವ ವಿಷಯ. ಹಳೇ ಮನೆ ಕುಸಿಯುವಷ್ಟು ಕುಸಿದು ಕೂತಾಗಿದೆ, ಹೊಸ ಪಾಯ ಈಗ ಕುಸಿಯಲು ಶುರು ಮಾಡುತ್ತದೆ. ಎರಡನ್ನೂ ಹಲ್ಲಿಗೆ ಹಲ್ಲು ಸೇರಿಸಿದರೆ ಸೇರಿಸಿದ ಜಾಗದಲ್ಲೇ ಸೀಳುತ್ತದೆ. ಹೊಸ ಗೋಡೆ ತನ್ನ ಪಾಯದ ಮೇಲೆ ತಾನೇ ನಿಲ್ಲಲಿ, ನಡುವೆ 10–12 ಮಿ.ಮೀ. ಸಂದು ಬಿಟ್ಟು ಒತ್ತಿದರೆ ಕುಗ್ಗುವ ಫಿಲ್ಲರ್ ತುಂಬಿ, ಮೇಲೆ ಕೆಳಗೆ ಜಾರಲು ಬಿಡುವ ಸ್ಟೀಲ್ ಪಟ್ಟಿಗಳಿಂದ ಹಿಡಿಸಿ. ಮುಖ್ಯವಾಗಿ, ಹಳೇ ಗೋಡೆಯ ಬುಡದಲ್ಲಿ ಒಂದೇ ದಿನ ಉದ್ದಕ್ಕೂ ಗುಂಡಿ ತೋಡಿಸಬೇಡಿ. ಪಾಯದ ತಳಕ್ಕಿಂತ ಕೆಳಗೆ ಹೋಗಲೇಬೇಕಾದರೆ ಎಂಜಿನಿಯರ್ ಎದುರಿಗಿರಲಿ, ಒಂದೊಂದು ಮೀಟರ್ ತುಂಡು, ಅದೂ ಪಕ್ಕಪಕ್ಕದ್ದಲ್ಲ. ಈ ವಿಷಯದಲ್ಲಿ ನಾನು ಪುಕ್ಕಲ, ಒಪ್ಪಿಕೊಳ್ಳುತ್ತೇನೆ.

ಪ್ರಶ್ನೆ: ಬ್ರಷ್‌ನಲ್ಲಿ ಹಚ್ಚಿದರೆ ಗೋಡೆ ಕಲ್ಲಾಗುವ ದ್ರಾವಣ ಇದೆಯಂತೆ?

ಉತ್ತರ: ಡಬ್ಬ ಮಾರುವವನ ಜೇಬು ಗಟ್ಟಿಯಾಗುತ್ತದೆ.

ಪ್ರಶ್ನೆ: ಫೋಟೋ ಕಳಿಸಿದ್ದೇನೆ. ಮೇಲೊಂದು ಮಹಡಿ ತಡೆಯುತ್ತಾ?

ಉತ್ತರ: ಫೋಟೋದಲ್ಲಿ ಪಾಯ ಕಾಣಲ್ಲ. ಗುಂಡಿ ತೆಗೆಸಿ ಎಂಜಿನಿಯರ್‌ಗೆ ತೋರಿಸಿ.

ಪ್ರಶ್ನೆ: ಹೊಸ ರೂಮಿಗೆ ಹಳೇ ಗೋಡೆಯಲ್ಲಿ ಅಗಲ ಬಾಗಿಲು ಒಡೆದು, ಬೀಮ್ ಆಮೇಲೆ ಹಾಕಿದರೆ ನಡೆಯುತ್ತಾ?

ಉತ್ತರ: ಆಮೇಲೆ ಅಂದರೆ ಬಿದ್ದ ಮೇಲಾ? ಮೊದಲು ಗೋಡೆಯಲ್ಲಿ ತೂತು ಮಾಡಿ ಅಡ್ಡ ತೊಲೆ ತೂರಿಸಿ, ಎರಡೂ ಕಡೆ ಜಾಕ್ ಕೊಟ್ಟು ಭಾರ ಎತ್ತಿಕೊಳ್ಳಬೇಕು. ಬೀಮ್ ಕೂರುವ ಕಡೆ ಇಟ್ಟಿಗೆ ನುಚ್ಚಾಗದಂತೆ ಕಾಂಕ್ರೀಟ್ ದಿಂಡು ಇಟ್ಟು, ಬೀಮಿನ ಮೇಲೆ ಉಳಿದ ಸಂದಿಗೆ ಗಾರೆ ಬಿಗಿಯಾಗಿ ಗಿಡಿದು, ಅದು ಗಟ್ಟಿಯಾದ ಮೇಲಷ್ಟೇ ಜಾಕ್ ಇಳಿಸಬೇಕು. ಅಲ್ಲಿಯವರೆಗೆ ಆ ಬಾಗಿಲಲ್ಲಿ ಯಾರೂ ಓಡಾಡಬೇಡಿ, ಚಹಾ ಕೊಡಲೂ.