ಅಪ್ಪನ ಮೊಬೈಲ್ ಹೋಮ್: ಕಾಗದಪತ್ರ ಎಲ್ಲಿಂದ ಶುರು?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಜನವರಿಯಲ್ಲಿ ಅಪ್ಪ ತೀರಿಕೊಂಡರು. ಉಯಿಲು ಬರೆದಿಲ್ಲ. ಜಾಗ ಬಾಡಿಗೆಗೆ ಕೊಡುವ ಪಾರ್ಕೊಂದರಲ್ಲಿ ಅವರ ಮೊಬೈಲ್ ಹೋಮ್, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ತಂದಿಟ್ಟ ಮನೆ, ಇದೆ. 1984ರದ್ದು, ಎರಡು ಭಾಗದ್ದು. ಅದರ ಟೈಟಲ್‌ನಲ್ಲಿ (ಮಾಲೀಕತ್ವದ ಪತ್ರದಲ್ಲಿ) ಅಮ್ಮನ ಹೆಸರೂ ಇದೆ. ಅವರು ಮೊದಲೇ ದಾವಣಗೆರೆಯಲ್ಲಿ ತೀರಿಹೋದರು. ಅಣ್ಣ ದಾವಣಗೆರೆಯಲ್ಲೇ ಇದ್ದಾನೆ. ಪಾರ್ಕಿನವರು ಬಾಡಿಗೆ ಕೇಳುತ್ತಿದ್ದಾರೆ. ಕೋರ್ಟಿಗೆ ಹೋಗದೆ ಆಗುವುದಿಲ್ಲ ಅನ್ನುತ್ತಾರೆ, ಹೌದೇ?"

ಸಾಮಾನ್ಯವಾಗಿ ಕೋರ್ಟಿಗೆ ಹೋಗಬೇಕಿಲ್ಲ. ಊರಿನ ಪೌತಿ ಖಾತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಲ್ಲಿ ದಾರಿ ತಪ್ಪುತ್ತೀರಿ. ಇದು ತೀರಿಹೋದವರ ಕಾರಿನ ಆರ್‌ಸಿ ಹೆಸರು ಬದಲಾಯಿಸುವುದಕ್ಕೆ ಹತ್ತಿರದ ಕೆಲಸ. ಕಾಯಂ ಪಾಯಕ್ಕೆ ಕೂರಿಸಿ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ದಾಖಲಿಸಿದ ಮನೆಯಾದರೆ ಮಾತು ಬೇರೆ. ಬಾಡಿಗೆ ಪಾರ್ಕುಗಳಲ್ಲಿ ಅದು ಅಪರೂಪ. ಉಳಿದವಕ್ಕೆ ಟೈಟಲ್ ಕೊಡುವುದು ಎಚ್‌ಸಿಡಿ ಎಂಬ ರಾಜ್ಯದ ವಸತಿ ಇಲಾಖೆ.

ಮೊದಲು ಮನೆಯನ್ನು ಒಂದು ಸುತ್ತು ಹಾಕಿ. ಹೊರಗೋಡೆಯಲ್ಲಿ ಎಚ್‌ಸಿಡಿಯ ಡೀಕಾಲ್ (ನೋಂದಣಿ ಸ್ಟಿಕ್ಕರ್) ಅಂಟಿರುತ್ತದೆ, ಅದರ ಸಂಖ್ಯೆ ಬರೆದುಕೊಳ್ಳಿ. ಒಂದೊಂದು ಭಾಗದ ಹಿಂತುದಿಯಲ್ಲೂ ಅಂಗೈಗಿಂತ ಚಿಕ್ಕದಾದ ಕೆಂಪು ಲೋಹದ ಪಟ್ಟಿ (ಕೇಂದ್ರ ಸರ್ಕಾರದ ಮಾನದಂಡದ ಗುರುತು) ಇರಬೇಕು. 1976ರ ಜೂನ್ 15ರಿಂದ ಈಚೆಗೆ ಕಟ್ಟಿದ ಮನೆಗಳಿಗೆಲ್ಲ ಅದುಂಟು. ನಿಮ್ಮದು ಎರಡು ಭಾಗದ್ದಾದ್ದರಿಂದ ಪಟ್ಟಿ ಎರಡು, ಸೀರಿಯಲ್ ನಂಬರೂ ಎರಡು. ಒಂದನ್ನೇ ಬರೆದು ಅರ್ಜಿ ಕಳಿಸಿದರೆ ಕಡತ ವಾಪಸು ಬಂತೆಂದೇ ತಿಳಿಯಿರಿ. ಪಟ್ಟಿಗೆ ಬಣ್ಣ ಬಳಿದಿದ್ದರೆ ಅಡುಗೆಮನೆಯ ಕಪಾಟು ಅಥವಾ ಮಲಗುವ ಕೋಣೆಯ ಬೀರುವಿನೊಳಗೆ ಅಂಟಿಸಿರುವ ಡೇಟಾ ಪ್ಲೇಟ್ ನೋಡಿ.

ಈ ಸಂಖ್ಯೆಗಳನ್ನು ಕೊಟ್ಟು ಎಚ್‌ಸಿಡಿಯಿಂದ ಟೈಟಲ್ ಸರ್ಚ್, ಅಂದರೆ ದಾಖಲೆಯಲ್ಲಿ ಯಾರ ಹೆಸರಿದೆ ಎಂಬ ವಿವರ, ತೆಗೆಸಿ. 'ರಿಜಿಸ್ಟರ್ಡ್ ಓನರ್' ಎಂದರೆ ಅಪ್ಪ, ಅಮ್ಮ. 'ಲೀಗಲ್ ಓನರ್' ಎಂಬಲ್ಲಿ ಬ್ಯಾಂಕಿನ ಹೆಸರು ಕಂಡರೆ ಗಾಬರಿ ಬೇಡ, ಅದು ಸಾಲ ಕೊಟ್ಟವರ ಹೆಸರು. ಸಾಲ ಎಂದೋ ತೀರಿದ್ದು, ಹೆಸರು ಮಾತ್ರ ಹಾಗೇ ಉಳಿದಿರುವುದೇ ಹೆಚ್ಚು. ಅದನ್ನು ತೆಗೆಸಲು ಬ್ಯಾಂಕಿನ ಬಿಡುಗಡೆ ಪತ್ರ ಬೇಕು. ಬ್ಯಾಂಕೇ ಮುಳುಗಿಹೋಗಿದ್ದರೆ ಬ್ಯಾಂಕ್ ಠೇವಣಿಗಳಿಗೆ ವಿಮೆ ಕೊಡುವ ಕೇಂದ್ರ ಸಂಸ್ಥೆ ಎಫ್‌ಡಿಐಸಿಗೆ ಬರೆಯಿರಿ.

ಅಪ್ಪ ಅಮ್ಮನ ಹೆಸರುಗಳ ಜೊತೆ 'ಜೆಟಿಆರ್‌ಎಸ್' (ಬದುಕುಳಿದವರಿಗೆ ಸೇರುವ ಜಂಟಿ ಒಡೆತನ) ಎಂದಿದ್ದರೆ ಅಮ್ಮನ ಪಾಲು ಅಂದೇ ಅಪ್ಪನಿಗೆ ಸೇರಿತು. 'ಟೆನ್‌ಕಾಮ್' (ಬೇರೆಬೇರೆ ಪಾಲಿನ ಒಡೆತನ) ಎಂದಿದ್ದರೆ ಅಮ್ಮನ ಅರ್ಧಕ್ಕೂ ಬೇರೆಯಾಗಿ ವಾರಸಿಕೆ ತೋರಿಸಬೇಕಾಗುತ್ತದೆ. ಎರಡರಲ್ಲೂ ಇಬ್ಬರ ಮರಣ ಪ್ರಮಾಣಪತ್ರವೂ ಬೇಕು. ಅಣ್ಣನಿಗೆ ಹೇಳಿ ದಾವಣಗೆರೆ ಪಾಲಿಕೆಯಿಂದ ಇಂಗ್ಲಿಷಿನಲ್ಲೂ ವಿವರ ಇರುವ ಪ್ರತಿ ತರಿಸಿಕೊಳ್ಳಿ.

ನಮ್ಮವರ ಕಡತ ಕಾಲು ಮುರಿದುಕೊಳ್ಳುವುದು ಇನಿಷಿಯಲ್‌ನಲ್ಲಿ. ಟೈಟಲ್‌ನಲ್ಲಿ 'ರಾವ್ ಎಚ್ ಎಸ್', ಮರಣ ಪತ್ರದಲ್ಲಿ ಊರು, ತಂದೆ, ತನ್ನ ಹೆಸರು ಎಲ್ಲವೂ ಬಿಡಿಸಿ. ಕೌಂಟರಿನವರಿಗೆ ಇವರು ಇಬ್ಬರು ಮನುಷ್ಯರು! ಇಬ್ಬರೂ ಒಬ್ಬರೇ ಎಂದು 'ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್' ನಮೂನೆಯಲ್ಲಿ ಬರೆದು, ಹಳೆಯ ಪಾಸ್‌ಪೋರ್ಟಿನ ಪ್ರತಿಯ ಜೊತೆ ಮೊದಲೇ ಲಗತ್ತಿಸಿಬಿಡಿ.

ಮುಖ್ಯ ಕಾಗದ 'ಟ್ರಾನ್ಸ್‌ಫರ್ ವಿದೌಟ್ ಪ್ರೊಬೇಟ್' ಪ್ರಮಾಣಪತ್ರ. ಪ್ರೊಬೇಟ್ ಎಂದರೆ ತೀರಿಹೋದವರ ಆಸ್ತಿಯನ್ನು ಕೋರ್ಟಿನ ಮೂಲಕ ಹಂಚುವ ಪ್ರಕ್ರಿಯೆ. ಸಾವಿನ ನಂತರ 40 ದಿನ ಕಳೆದಿರಬೇಕು. ಅಪ್ಪನ ಬೇರೆ ಆಸ್ತಿಗಾಗಿ ಪ್ರೊಬೇಟ್ ನಡೆಯುತ್ತಿದ್ದರೆ ಈ ದಾರಿ ಮುಚ್ಚಿತು. ಆಗ ವಕೀಲರೇ ಗತಿ. ಸುಳ್ಳು ಬರೆದರೆ ಶಿಕ್ಷೆಯುಂಟು ಎಂಬ ಷರತ್ತಿನ ಮೇಲೆ ಸಹಿ ಹಾಕುವ ಪತ್ರವಿದು. ಅಣ್ಣನೂ ಸಮಾನ ವಾರಸುದಾರ. ಮನೆ ನಿಮ್ಮೊಬ್ಬರ ಹೆಸರಿಗೇ ಆಗಬೇಕಿದ್ದರೂ ಅವರ ಸಹಿ ಬೇಕೆಂದೇ ಲೆಕ್ಕ ಹಾಕಿ, ಕೊರಿಯರ್‌ಗೆ ಸಮಯ ಇಟ್ಟುಕೊಳ್ಳಿ.

ಆ ಸಹಿ ಕೈಗೆ ಬರುವವರೆಗೆ ತೆರಿಗೆಯ ಕಾಗದಕ್ಕೆ ಹೋಗಬೇಡಿ. 1980ರ ಜುಲೈ 1ರಿಂದ ಈಚೆಗೆ ಹೊಸದಾಗಿ ಮಾರಾಟವಾದ ಮನೆಗಳು ಕೌಂಟಿಯ ಆಸ್ತಿ ತೆರಿಗೆಗೆ ಸೇರುತ್ತವೆ. ವರ್ಗಾವಣೆಗೆ ಕೌಂಟಿ ಟ್ಯಾಕ್ಸ್ ಕಲೆಕ್ಟರ್ ಕೊಡುವ ಬಾಕಿಯಿಲ್ಲದ ಪತ್ರ ಬೇಕು, ಅದಕ್ಕೆ ಮುಗಿಯುವ ತಾರೀಖು ಇರುತ್ತದೆ. ಮೊದಲೇ ತೆಗೆದಿಟ್ಟರೆ ಕೊರಿಯರ್ ಬರುವಷ್ಟರಲ್ಲಿ ಹಳಸಿರುತ್ತದೆ. ಆಸ್ತಿಯ ಮೌಲ್ಯ ಕಟ್ಟುವ ಕೌಂಟಿ ಅಸೆಸರ್‌ಗೆ ಸಾವಿನಿಂದ 150 ದಿನದೊಳಗೆ ಮಾಲೀಕತ್ವ ಬದಲಾದದ್ದನ್ನು ತಿಳಿಸುವುದು ಬೇರೆಯೇ ಕೆಲಸ. 2021ರ ಫೆಬ್ರುವರಿ 16ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಮಕ್ಕಳು ಒಂದು ವರ್ಷದೊಳಗೆ ಅದನ್ನೇ ವಾಸದ ಮನೆ ಮಾಡಿಕೊಳ್ಳದಿದ್ದರೆ ಮರುಮೌಲ್ಯಮಾಪನವಾಗಿ ತೆರಿಗೆ ಏರಬಹುದು.

ಇನ್ನು ಪಾರ್ಕು. ಟೈಟಲ್ ಸಿಕ್ಕರೆ ಮನೆ ಬಂತು, ಅದು ಕೂತ ಜಾಗ ಬರಲಿಲ್ಲ. ನೀವೇ ವಾಸಿಸಬೇಕಾದರೆ ಬಾಡಿಗೆದಾರರಾಗಿ ಹೊಸದಾಗಿ ಅರ್ಜಿ ಹಾಕಿ, ಒಪ್ಪಿಗೆ ಪಡೆದು, ಕರಾರಿಗೆ ಸಹಿ ಹಾಕಬೇಕು. ಅದಕ್ಕೆ ಮೊದಲೇ ಸಾಮಾನು ಸಾಗಿಸಬೇಡಿ. ಮಾರುವ ಯೋಚನೆಯಿದ್ದರೆ, ಮನೆಯನ್ನು ಅಲ್ಲೇ ಇಟ್ಟು ಮಾರುವ ಹಕ್ಕು ವಾರಸುದಾರರಿಗೆ ಕಾನೂನಿನಲ್ಲೇ ಇದೆ. ಆದರೆ ಸಾವಿನ ನಂತರದ ಬಾಡಿಗೆ, ನೀರು-ವಿದ್ಯುತ್ತಿನ ಬಿಲ್ಲು, ಜಾಗದ ನಿರ್ವಹಣೆ ಆಗಿಂದಾಗ್ಗೆ ಚುಕ್ತಾ ಆಗಿರಬೇಕು. "ಖಾಲಿ ಮನೆಗೆ ಯಾಕೆ ಬಾಡಿಗೆ?" ಎಂದು ನಿಲ್ಲಿಸಿದವರು ಈ ಹಕ್ಕನ್ನೇ ಕಳೆದುಕೊಳ್ಳಬಹುದು. ಜನವರಿಯಿಂದ ಕಟ್ಟಿದ್ದಕ್ಕೆಲ್ಲ ಅಪ್ಪನ ಸ್ಪೇಸ್ ನಂಬರ್ (ಪಾರ್ಕಿನಲ್ಲಿ ಮನೆ ಕೂತ ಜಾಗದ ಸಂಖ್ಯೆ) ನಮೂದಿಸಿದ ರಸೀತಿಯನ್ನು ಪಾರ್ಕಿನ ಆಫೀಸಿನಿಂದ ಈ ವಾರವೇ ಬರೆಸಿಕೊಳ್ಳಿ.